ಸಹಾಯ ಬೇಕು: ಮಳೆಗಾಲದಲ್ಲಿ ನಾಯಿಗೆ ಎಷ್ಟು ದಿನಕ್ಕೊಮ್ಮೆ ಸ್ನಾನ? ಯಾವ ಶಾಂಪೂ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಡಿಕೇರಿ ಹತ್ತಿರ, ಕಾಫಿ ತೋಟದಲ್ಲಿ. ಮನೆಯಲ್ಲಿ 4 ವರ್ಷದ ಲ್ಯಾಬ್ರಡಾರ್ ಇದ್ದಾನೆ, ಹೆಸರು ರಾಜ. ಮಳೆ ಹಿಡಿದ ಮೇಲೆ ದಿನಾ ತೋಟ ಸುತ್ತಿ ಮೈತುಂಬ ಕೆಸರು ಮೆತ್ತಿಕೊಂಡು ಬರುತ್ತಾನೆ. ಬೆರಳ ಸಂದಿಯಲ್ಲಿ ಜಿಗಣೆ, ಕಿವಿ ಹಿಂದೆ ಉಣ್ಣೆ. ಬಿಸಿಲೇ ಇಲ್ಲ, ಒಲೆ ಪಕ್ಕ ಮಲಗಿಸಿದರೂ ಕೂದಲ ಬುಡ ಒಣಗುವುದಿಲ್ಲ. ಈಗ ಹೊಟ್ಟೆ ಕೆಳಗೆ ಕೆಂಪಗಾಗಿದೆ, ಬಾಲದ ಬುಡದಲ್ಲಿ ಹೊಟ್ಟು ಉದುರುತ್ತಿದೆ. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ, ನೋಡಲು ಆಗುತ್ತಿಲ್ಲ.

ಜಾಸ್ತಿ ಸ್ನಾನ ಮಾಡಿಸಿದರೆ ಚರ್ಮದ ಎಣ್ಣೆಯಂಶ ಹೋಗುತ್ತದೆ, ತಿಂಗಳಿಗೊಮ್ಮೆ ಸಾಕು ಅನ್ನುತ್ತಾರೆ. ಆದರೆ ಈ ಕೆಸರಿಗೆ ತಿಂಗಳು ಕಾಯಲು ಆಗುತ್ತಾ? ನಡುವೆ ಬರೀ ಉಗುರುಬೆಚ್ಚಗಿನ ನೀರಲ್ಲಿ ಕಾಲು, ಹೊಟ್ಟೆ ತೊಳೆದು ಚೆನ್ನಾಗಿ ಒರೆಸಿದರೆ ಸಾಕಾ?

ನಾವು ಹಚ್ಚುವ ಶಾಂಪೂ ಅವನಿಗೆ ಹಾಕುವುದಿಲ್ಲ, ನಾಯಿ ಚರ್ಮದ ಪಿಎಚ್ ಬೇರೆ ಅಲ್ವಾ. ಅಂಗಡಿಯಲ್ಲಿ ಓಟ್ಸ್ ಶಾಂಪೂ ಒಂದು, ಕ್ಲೋರ್‌ಹೆಕ್ಸಿಡಿನ್ ಮತ್ತು ಕೀಟೊಕೊನಜೋಲ್ (ಬ್ಯಾಕ್ಟೀರಿಯಾ, ಫಂಗಸ್ ಕೊಲ್ಲುವ ಔಷಧಿಗಳು) ಇರುವುದು ಇನ್ನೊಂದು ತೋರಿಸಿದರು. ಎರಡನೆಯದನ್ನು ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕಂತೆ. ಡಾಕ್ಟರಿಗೆ ತೋರಿಸದೆ ಸುಮ್ನೆ ಔಷಧಿ ಶಾಂಪೂ ಹಾಕಲು ಮನಸ್ಸಿಲ್ಲ. ಶನಿವಾರ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಏನು ಮಾಡಲಿ?

ಇನ್ನೊಂದು, ಉಣ್ಣೆಗೆ ಶಾಂಪೂ ಸಾಕಾ, ಇಲ್ಲ ಬೆನ್ನಿಗೆ ಬಿಡುವ ಹನಿ ಔಷಧಿಯೇ ಬೇಕಾ? ಅದನ್ನು ಹಾಕಿದ ಮೇಲೆ ಎಷ್ಟು ದಿನ ಸ್ನಾನ ಮಾಡಿಸಬಾರದು? ಇಲ್ಲಿನ ಮಳೆಯಲ್ಲೇ ನಾಯಿ ಸಾಕಿದವರು ದಯವಿಟ್ಟು ಹೇಳಿ.