ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ಪರಿಮಳ ಎಲ್ಲಿಂದ?

ಕಂಕನಾಡಿಯವ (ಪ್ರಶ್ನೆ):
ಕಳೆದ ವರ್ಷ ಕೆಲಸದ ಮೇಲೆ ಮ್ಯೂನಿಕ್‌ಗೆ ಹೋಗಿದ್ದಾಗ ಅಲ್ಲಿನ ಹೆಫೆವೈಝನ್ ಎಂಬ ಗೋಧಿ ಬಿಯರನ್ನು ಮೊದಲ ಬಾರಿಗೆ ಕುಡಿದೆ. ಹೊಂಬಣ್ಣದ, ಮಂಜುಮಂಜಾದ ಆ ಬಿಯರಿನ ದಟ್ಟ ನೊರೆಯ ಬಳಿ ಮೂಗು ತಂದೊಡನೆ ನೆನಪಾದದ್ದು, ರಾತ್ರಿ ಕಲಸಿಟ್ಟ ಬನ್ಸ್ ಹಿಟ್ಟಿನ ಮುಚ್ಚಳವನ್ನು ಬೆಳಿಗ್ಗೆ ಅಮ್ಮ ತೆಗೆದಾಗ ಏಳುವ, ಕಳಿತ ಬಾಳೆಹಣ್ಣಿನ ಪರಿಮಳ. ಬಾಳೆಹಣ್ಣು ಹಾಕುತ್ತೀರಾ ಎಂದು ಕೇಳಿದ್ದಕ್ಕೆ ತಂದುಕೊಟ್ಟಾಕೆ ನಕ್ಕುಬಿಟ್ಟರು. ಈಚೆಗೆ ಮಂಗಳೂರಿನ ವೈನ್ ಶಾಪೊಂದರಲ್ಲಿ ಅದೇ ಬಗೆಯ ಆಮದು ಬಾಟಲಿ ಸಿಕ್ಕಿತು. ದುಬಾರಿ ಬೆಲೆ ಕೊಟ್ಟು ತಂದು, ಚೆನ್ನಾಗಿ ತಣಿಸಿ ಕುಡಿದರೆ ಆ ಪರಿಮಳದ ಸುಳಿವೇ ಇರಲಿಲ್ಲ. ಅದು ಬರುವುದು ಎಲ್ಲಿಂದ, ಇಲ್ಲಿ ಹೋದದ್ದು ಎಲ್ಲಿಗೆ?

ಮಣಿಪಾಲದ ರಸಾಯನ ಮೇಷ್ಟ್ರು:
ನಿಮ್ಮ ಮೂಗು ಸುಳ್ಳು ಹೇಳಿಲ್ಲ. ಕಳಿತ ಬಾಳೆಹಣ್ಣಿಗೆ ಅದರ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವನ್ನೇ ಈ ಬಿಯರಿನ ಯೀಸ್ಟ್ ಹುದುಗುವಾಗ ಹುಟ್ಟಿಸುತ್ತದೆ. ಹಣ್ಣಿನ ಚೂರೂ ಅದರಲ್ಲಿಲ್ಲ. ಜೊತೆಗೆ ಲವಂಗದ ಛಾಯೆಯೂ ಇದ್ದಿರಬೇಕು. ಧಾನ್ಯದಲ್ಲಿರುವ ಫೆರುಲಿಕ್ ಆಮ್ಲವನ್ನು ಅದೇ ಯೀಸ್ಟ್ ಮಾರ್ಪಡಿಸಿದಾಗ ಉಂಟಾಗುವ ವಸ್ತು, ಲವಂಗಕ್ಕೆ ಅದರ ವಾಸನೆ ಕೊಡುವ ಯೂಜಿನಾಲ್‌ಗೆ ಹತ್ತಿರದ ನೆಂಟ. ಹುದುಗಿಸುವ ತಾಪ ತುಸು ಹೆಚ್ಚಾದರೆ ಬಾಳೆ, ತಗ್ಗಿದರೆ ಲವಂಗ ಮುಂದೆ ಬರುತ್ತದೆ ಎನ್ನುತ್ತಾರೆ ತಯಾರಕರು. ಕನಿಷ್ಠ ಅರ್ಧ ಪಾಲು ಗೋಧಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಗೋಧಿ, ಇರುವುದರಿಂದ ನೊರೆ ದಟ್ಟವಾಗುತ್ತದೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಹೂ ಕಡಿಮೆಯಾದ್ದರಿಂದ ಕಹಿ ಈ ಪರಿಮಳವನ್ನು ಮುಚ್ಚುವುದಿಲ್ಲ.

ಆದರೆ ಬಾಳೆಯ ಅಂಶ ಬಾಟಲಿಯಲ್ಲಿ ತಿಂಗಳುಗಟ್ಟಲೆ ನಿಲ್ಲುವಂಥದ್ದಲ್ಲ, ಸೆಕೆಯಲ್ಲಂತೂ ಬೇಗ ಕುಂದುತ್ತದೆ. ಬೆಳಗಿನ ಕಳ್ಳು ಸಂಜೆಗೆ ಬೇರೆಯೇ ಆಗುವುದನ್ನು ಬಲ್ಲ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದಿದ್ದ ಅಲ್ಪಸ್ವಲ್ಪವನ್ನು ನಿಮ್ಮ ಫ್ರಿಜ್ಜಿನ ಅತಿ ತಂಪು ಅಡಗಿಸಿತು. 7–8 ಡಿಗ್ರಿ ಸೆಲ್ಸಿಯಸ್ ಸಾಕಿತ್ತು.

ಜೆಪ್ಪುವಿನ ಹಳಬ:
ನನಗೆ ಇದು ಹಿಡಿಸಲಿಲ್ಲ. ಬಿಯರೆಂದರೆ ಕಹಿ ಇರಬೇಕು. ಆದರೂ ಅದರ ಚರಿತ್ರೆ ಸ್ವಾರಸ್ಯಕರ. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಎಂದು 1516ರಲ್ಲಿ ಕಟ್ಟಳೆ ಹೊರಡಿಸಿದ, ಮ್ಯೂನಿಕ್ ಇರುವ ಬವೇರಿಯ ಪ್ರಾಂತದಲ್ಲೇ ಗೋಧಿ ಬಿಯರಿಗೆ ವಿಶೇಷ ಪರವಾನಗಿ ಇತ್ತು. ಅದನ್ನು ಹೊಂದಿದ್ದ ಡೆಗೆನ್‌ಬರ್ಗ್ ಮನೆತನದ ಸಂತತಿ ನಿಂತಾಗ, 1602ರಲ್ಲಿ, ಡ್ಯೂಕ್ ಒಂದನೆಯ ಮ್ಯಾಕ್ಸಿಮಿಲಿಯನ್ ಆ ಹಕ್ಕನ್ನು ತನ್ನದಾಗಿಸಿಕೊಂಡು ಖಜಾನೆ ತುಂಬಿಸಿಕೊಂಡ. ಜನರ ಒಲವು ಬೇರೆ ಬಿಯರುಗಳತ್ತ ತಿರುಗಿ ಇದು ಮೂಲೆಗುಂಪಾಗುತ್ತಿದ್ದಾಗ, 1872ರಲ್ಲಿ ಗೇಯೊರ್ಗ್ ಶ್ನೈಡರ್ ಎಂಬಾತ ತಯಾರಿಕೆಯ ಹಕ್ಕನ್ನು ಪಡೆದು ಅದನ್ನು ಉಳಿಸಿದ. ನಮ್ಮೂರಿಗೆ ಬಾಸೆಲ್ ಮಿಷನ್ನಿನವರು ಹೆಂಚು, ಮಗ್ಗ, ಮುದ್ರಣಾಲಯ ಎಲ್ಲ ತಂದರು, ಇದನ್ನು ಮಾತ್ರ ತರಲಿಲ್ಲ!

ಮಲ್ಪೆ ಕಡಲು:
ಸುರಿಯುವ ಕ್ರಮವನ್ನು ಯಾರೂ ಹೇಳಲಿಲ್ಲ. ಎತ್ತರದ ಗ್ಲಾಸನ್ನು ತಣ್ಣೀರಿನಲ್ಲಿ ತೊಳೆದು, ಓರೆಯಾಗಿ ಹಿಡಿದು ನಿಧಾನವಾಗಿ ಸುರಿಯಬೇಕು. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿದಾಗ ಅದನ್ನು ಮೆಲ್ಲನೆ ತಿರುಗಿಸಿ, ತಳದ ಯೀಸ್ಟನ್ನು ಎಬ್ಬಿಸಿ, ಕೊನೆಗೆ ಅದನ್ನೂ ಸೇರಿಸಬೇಕು. ಹೆಸರಿನ 'ಹೆಫೆ' ಎಂದರೆ ಯೀಸ್ಟೇ. ನಿಂಬೆಯ ತುಂಡು ಬೇಡ, ನೊರೆ ಹಾಳಾಗುತ್ತದೆ. ಬವೇರಿಯದವರು ಬಿಳಿ ಸಾಸೇಜು, ಸಿಹಿ ಸಾಸಿವೆಯೊಡನೆ ಇದನ್ನು ಮಧ್ಯಾಹ್ನಕ್ಕೆ ಮುಂಚೆಯೇ ಕುಡಿಯುತ್ತಾರೆ. ನಮ್ಮಲ್ಲಿ ಕಾಣೆ ಮೀನಿನ ರವಾ ಫ್ರೈ ಅಥವಾ ಮರುವಾಯಿ (ಚಿಪ್ಪುಮೀನು) ಸುಕ್ಕ ಹೊಂದುತ್ತದೆ ಎಂಬುದು ನನ್ನ ಅನುಭವ. ಕಹಿ ಕಡಿಮೆಯಿರುವುದರಿಂದ ಖಾರ ನಾಲಿಗೆಗೆ ಚುಚ್ಚುವುದಿಲ್ಲ.

ಕಂಕನಾಡಿಯವ:
ಎಲ್ಲರಿಗೂ ವಂದನೆಗಳು. ಬಾಟಲಿ ಇನ್ನೂ ಎಸೆದಿರಲಿಲ್ಲ. ಲೇಬಲ್ ನೋಡಿದರೆ ಅವಧಿ ಮುಗಿಯಲು ಎರಡೇ ವಾರ ಉಳಿದಿತ್ತು. ತಳದ ಯೀಸ್ಟನ್ನಂತೂ ಕೆಸರೆಂದು ಭಾವಿಸಿ ಸಿಂಕಿಗೆ ಸುರಿದಿದ್ದೆ.