ಪದಚರ್ಚೆ: ನೀರಿನೊಳಕ್ಕೆ ಚಾಚಿದ ‘ಪಿಯರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕುಶಾಲನಗರದಿಂದ ಬರೆಯುತ್ತಿದ್ದೇನೆ. ಅನುವಾದವೊಂದು ಒಂದೇ ಪದಕ್ಕಾಗಿ ನಿಂತಿದೆ.

ಲೇಖನ ಶಿಕಾಗೋದ ನೇವಿ ಪಿಯರ್ ಬಗ್ಗೆ. ಮಿಶಿಗನ್ ಸರೋವರದೊಳಕ್ಕೆ ಸುಮಾರು ಒಂದು ಕಿಲೋಮೀಟರ್ ಚಾಚಿಕೊಂಡಿದೆ. 1916ರಲ್ಲಿ ತೆರೆದಾಗಲೇ ಅದಕ್ಕೆ ಎರಡು ಕೆಲಸ: ಹಡಗಿನ ಸರಕು ಇಳಿಸುವುದು, ಜನರಿಗೆ ಅಡ್ಡಾಡಲು ಜಾಗ ಕೊಡುವುದು. ಆಮೇಲೆ ನೌಕಾಪಡೆಯ ತರಬೇತಿ, ಕಾಲೇಜು ತರಗತಿ ಎಲ್ಲ ಅಲ್ಲಿ ನಡೆದವು. 1995ರಲ್ಲಿ ಮತ್ತೆ ಜನರ ಪಾಲಾಯಿತು. ನೂರು ವರ್ಷ ತುಂಬುವ ಹೊತ್ತಿಗೆ ಮತ್ತೊಮ್ಮೆ ಹೊಸದಾಗಿ ರೂಪಿಸಿ, ಕೂರಲು ಅಗಲವಾದ ಮೆಟ್ಟಿಲು, ನೆರಳಿಗೆ ಮರ ಎಲ್ಲ ಕೊಟ್ಟರು. ದೋಣಿ ಹತ್ತಲೇಬೇಕು ಅಂತಿಲ್ಲ, ಸುಮ್ನೆ ಹೋಗಿ ಕೂತು ಬರಬಹುದು.

ಇಂಥ ಜಾಗಕ್ಕೆ ಏನನ್ನೋಣ? ಮೊದಲು ಹೊಳೆದದ್ದು ‘ಕಟ್ಟೆ’. ಅರಳಿಕಟ್ಟೆ, ಹರಟೆಕಟ್ಟೆ ಇವೆಯಲ್ಲ, ಕೂತು ಮಾತಾಡುವ ಅರ್ಥ ಅದರಲ್ಲೇ ಇದೆ. ಆದರೆ ಹಾರಂಗಿ ಪಕ್ಕದಲ್ಲಿರುವ ನಮಗೆ ನೀರಿನ ಮಾತು ಬಂದಾಗ ಕಟ್ಟೆ ಅಂದರೆ ಅಣೆಕಟ್ಟೆ, ನೀರಿಗೆ ಅಡ್ಡ ನಿಲ್ಲುವಂಥದ್ದು. ಪಿಯರ್ ಹಾಗಲ್ಲ, ದಡದಿಂದ ಹೊರಟು ನೀರಿನ ಮೇಲೆ ಮುಂದೆ ಹೋಗುತ್ತದೆ. ಸೋಮವಾರಪೇಟೆ ಕಡೆಯ ಹೊನ್ನಮ್ಮನ ಕೆರೆಯಿಂದ ಹಿಡಿದು ಯಾವ ಕೆರೆಗೆ ಹೋದರೂ ನಾವು ನಿಲ್ಲುವುದು ಏರಿಯ ಮೇಲೋ ಮೆಟ್ಟಿಲ ಮೇಲೋ.

‘ಜೆಟ್ಟಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. (ಮೈಸೂರಿನವರಿಗೆ ದಸರೆಯ ಜಟ್ಟಿಗಳು ನೆನಪಾದರೆ ನಾನು ಹೊಣೆಯಲ್ಲ.) ಆದರೆ ಅದರಲ್ಲಿ ದೋಣಿ ಮಾತ್ರ ಇದೆ, ಕೂರುವ ಜನ ಇಲ್ಲ. ದೋಣಿಗಳು ಬಂದು ನಿಲ್ಲುವ ಕಡೆಗೆ ಮಂಗಳೂರಿನವರು ಹೇಳುವ ‘ದಕ್ಕೆ’ ಒಳ್ಳೆಯ ಪದವೇ. ಆದರೆ ಅದು ಮೀನಿನ ವ್ಯಾಪಾರಕ್ಕೆ ಅಂಟಿಕೊಂಡುಬಿಟ್ಟಿದೆ. ಮೇಲಾಗಿ ‘ಸಮುದಾಯದ ದಕ್ಕೆ’ ಅಂತ ಬರೆದರೆ ಸಮುದಾಯಕ್ಕೆ ಏನೋ ಧಕ್ಕೆ ಬಂತು ಎಂದು ಓದುವವರೇ ಜಾಸ್ತಿ, ಅಲ್ವಾ?

ಮಡಿಕೇರಿಯ ಗೆಳೆಯರೊಬ್ಬರು ‘ಮಂದ್’ ಹೇಗೆ ಎಂದು ಕೇಳಿದರು. ನನಗೆ ಒಪ್ಪಿಗೆಯಿಲ್ಲ. ಮಂದ್ ಎಂದರೆ ಊರು ಸೇರುವ ಬಯಲು ನಿಜ, ಆದರೆ ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ಕೋಲಾಟ ನಡೆಯುವ ಜಾಗ ಅದು, ಅದಕ್ಕೆ ಅದರದೇ ಕಟ್ಟುಪಾಡಿದೆ. ಐಸ್‌ಕ್ರೀಮ್ ಅಂಗಡಿ, ಜಯಂಟ್ ವೀಲ್ ಇರುವ ಕಡೆಗೆ ಆ ಹೆಸರು ಎಳೆದು ತರುವುದು ಸರಿಯಲ್ಲ. ಐನ್‌ಮನೆಯ (ಕೊಡವ ಮನೆತನದ ಮೂಲಮನೆ) ‘ಐಮರ’ವನ್ನೂ ಯೋಚಿಸಿದೆ. ಅದು ಜಗಲಿಯ ಕಂಬಗಳ ನಡುವಿನ ಅಗಲವಾದ ಹಲಗೆ, ಹಿರಿಯರು ಕೂರುವ ಜಾಗ. ಪಿಯರಿನ ಬೆಂಚಿಗೆ ಆ ಪದ ಹೊಂದೀತು, ಇಡೀ ಪಿಯರಿಗೆ ಸಾಲದು.

ಸದ್ಯಕ್ಕೆ ‘ನೀರಜಗಲಿ’ ಎಂದು ಬರೆದಿಟ್ಟಿದ್ದೇನೆ. ಜಗಲಿಯೂ ಮನೆಯಿಂದ ಹೊರಗೆ ಚಾಚಿರುತ್ತದೆ, ದಾರಿಹೋಕರೂ ಕೂರಬಹುದು. ಆದರೆ ಹಿಂದೆ ಮನೆಯೇ ಇಲ್ಲದೆ ಜಗಲಿ ಎಂದರೆ ಓದುವವರ ಕಿವಿಗೆ ಹೇಗೆ ಕೇಳೀತು?

ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತುವವರು, ಉತ್ತರ ಕನ್ನಡದಲ್ಲಿ ತಾರಿ (ದೋಣಿಯಲ್ಲಿ ಹೊಳೆ ದಾಟುವ ಕಡವು) ದಾಟಿ ಬೆಳೆದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ದಡದಿಂದ ನೀರಿನ ಮೇಲೆ ಹೋಗುವ ಆ ಅಟ್ಟಣೆಗೆ ನಿಮ್ಮ ಮನೆಗಳಲ್ಲಿ ಏನೆನ್ನುತ್ತಾರೆ? ಜೆಟ್ಟಿ ಬರುವ ಮುಂಚೆ ಏನೆನ್ನುತ್ತಿದ್ದರು?