ಪೇಲ್ ಏಲ್ ಬಿಯರ್‌ಗೆ ಯಾವ ಹಾಪ್ಸ್, ಸಿಟ್ರಾನಾ, ಕ್ಯಾಸ್ಕೇಡಾ? ಮಾಡಿರೋರು ಅನುಭವ ಹೇಳಿ

ಸರಸ್ವತಿಪುರಂ ಹುಡ್ಗ: ಭಾವ ಮೈಸೂರಲ್ಲಿ ಲೈಸೆನ್ಸ್ ತಗೊಂಡು ಮೈಕ್ರೋಬ್ರೂವರಿ ಶುರು ಮಾಡ್ತಿದಾರೆ. 20 ಲೀಟರ್ ಟ್ರಯಲ್ ಬ್ಯಾಚ್ ನನ್ ತಲೆಗೆ ಕಟ್ಟಿದಾರೆ. ಯಾವ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡೋ ಬಳ್ಳಿಯ ಹೂವು) ಹಾಕ್ಲಿ? ಕಹಿ ಜಾಸ್ತಿ ಬೇಡ.

ಹೆಬ್ಬಾಳ್ ಬ್ರೂವರ್: ಎಲ್ರೂ ಸಿಟ್ರಾ ಸಿಟ್ರಾ ಅಂತ ಕುಣೀತಾರೆ. ನಾವು ಅರ್ಧ ಕೆಜಿ ತರಿಸಿದ್ವಿ ಸ್ವಾಮಿ, 4,200 ಬಿಲ್ಲು, ಅದ್ರ ಮೇಲೆ ಜಿಎಸ್‌ಟಿ, ಕೊರಿಯರ್‌ಗೆ 380, ಐಸ್ ಪ್ಯಾಕ್‌ಗೆ ಬೇರೆ 150. ಬಂದಾಗ ಫಾಯಿಲ್ ಪ್ಯಾಕ್ ಸಡಿಲ ಆಗಿತ್ತು, ಕತ್ತರಿಸಿದ್ರೆ ಪೆಲೆಟ್ (ಹಾಪ್ಸ್ ಒತ್ತಿ ಮಾಡಿರೋ ಗುಳಿಗೆ) ಎಲ್ಲಾ ಕಂದು, ಹಳೇ ಚೀಸ್ ವಾಸ್ನೆ. ವಾಪಸ್ ತಗೊಳ್ರಪ್ಪ ಅಂದ್ರೆ 'ಓಪನ್ ಮಾಡ್ಬಿಟ್ಟಿದೀರಲ್ಲ ಸಾರ್' ಅಂತಾರೆ, ಓಪನ್ ಮಾಡ್ದೆ ವಾಸ್ನೆ ಹೆಂಗ್ರೀ ನೋಡೋದು? ಅವತ್ತಿಂದ ನಾನು ಕ್ಯಾಸ್ಕೇಡ್ ಪಾರ್ಟಿ. 1972ರ ಅಮೆರಿಕಾ ತಳಿ, ಕಹಿ ಕೊಡೋ ಆಲ್ಫಾ ಆಮ್ಲ ಶೇಕಡಾ 5ರಿಂದ 7ರ ಆಸುಪಾಸು, ಕೈ ಸ್ವಲ್ಪ ಜಾಸ್ತಿ ಹೋದ್ರೂ ಕುಡಿಯೋ ಹಂಗಿರುತ್ತೆ.

ಮಂಡ್ಯ ಗೌಡ: ಗಾಳಿ ಹೊಡ್ದಿರೋ ಪ್ಯಾಕಿಗೆ ಸಿಟ್ರಾ ಏನ್ಲಾ ಮಾಡ್ತದೆ? ಕ್ಯಾಸ್ಕೇಡ್ ಆದ್ರೂ ಹಂಗೇ ನಾರ್ತಿತ್ತು. ಆಲ್ಫಾ 12 ದಾಟೋದನ್ನ ಒಂದ್ ಗಂಟೆ ಕುದಿಸ್ಬುಟ್ಟು ಬೇವಿನ ಕಷಾಯ ಆಯ್ತು ಅಂದ್ರೆ ಯಾರ್ ತಪ್ಪು? ನಾನು ಕಹಿಗೆ ಚಿಟಿಕೆ ಮ್ಯಾಗ್ನಂ ಅನ್ನೋ ಹಾಪ್ಸ್ ಹಾಕಿ ಕುದಿಸ್ತೀನಿ, ಸಿಟ್ರಾ ಒಲೆ ಆರಿಸಿದ್ಮೇಲೇನೇ. ಮಾವಿನಹಣ್ಣಿನ ಘಮ ಬತ್ತದೆ. ನನ್ ದುಡ್ಡು ತಿಂದಿದ್ದು ಹಾಪ್ಸಲ್ಲ, ನೀರು. ಬೋರ್‌ವೆಲ್ ನೀರು ಗಡಸು ಅಂತ ಆರ್‌ಓಗೆ 14,500 ಸುರ್ದೆ, ಮೆಂಬ್ರೇನ್ ಹೋಯ್ತು, ಅದ್ಕೆ ಇನ್ನೊಂದ್ 2,300.

ಯಾದವಗಿರಿ ಟೆರೇಸ್: ಇಂಪೋರ್ಟ್ ಸಾವಾಸನೇ ಬೇಡ ಅಂತ ನಾನು ಬಳ್ಳಿನೇ ಹಾಕಿದ್ದೆ. ಬೇರು 1,800, ಚಪ್ಪರದ ಪೈಪು, ವೆಲ್ಡಿಂಗ್ ಸೇರಿ 6,000 ದಾಟ್ತು. ಎಲೆ ಬಂತು, ಹೂವಿಲ್ಲ. ಬೇಸಿಗೇಲಿ ಉದ್ದ ಹಗಲು, ಚಳಿಗಾಲದಲ್ಲಿ ಮೈ ಕೊರೆಯೋ ಚಳಿ ಬೇಕಂತೆ ಅದಕ್ಕೆ. ಹಿಮಾಚಲದ ಲಾಹೌಲ್‌ನಲ್ಲಿ ಬೆಳೀತಾರೆ, ನಮ್ಮಲ್ಲಿ ಜೂನಲ್ಲೂ ಹಗಲು 13 ಗಂಟೆ ಮುಟ್ಟಲ್ಲ.

ಹೆಬ್ಬಾಳ್ ಬ್ರೂವರ್: ಗೌಡ್ರೇ, ಏಕವಚನ ಬೇಡ. ಒಂದ್ ಗಂಟೆ ಕುದಿಸ್ದೆ ಅಂತ ನಾನೆಲ್ಲಿ ಹೇಳ್ದೆ? ಅದಿರ್ಲಿ, ನಿಮ್ಗೆ ಲೈಸೆನ್ಸ್ ಇದ್ಯಾ? 1965ರ ಅಬಕಾರಿ ಕಾಯ್ದೆ ಗೊತ್ತಲ್ಲ?

ಮಂಡ್ಯ ಗೌಡ: ನಾನ್ ಮಾಡೋದು ಜರ್ಮನೀಲಿ, ಮಗಳ್ ಮನೇಲಿ ಕಣಣ್ಣ.

ಯಾದವಗಿರಿ ಟೆರೇಸ್: ಜರ್ಮನೀಲಿ ಬೋರ್‌ವೆಲ್ಲಾ 😂

ಮಂಡ್ಯ ಗೌಡ: ನಿನ್ ಬಳ್ಳೀಲಿ ಮೊದ್ಲು ಹೂವಾ ಬುಡ್ಸಪ್ಪ.